ಅಕ್ಕನ ತೂಕಕ್ಕೆ ಇಳಿಸದ ಗಾಳಿ

ನನ್ನ ಬೆಟ್ಟ ಹತ್ತುವ ಸೈಕಲ್ಲಿಗೆ ಹಿಂದೆಯೂ ಶಾಕ್ ಅಬ್ಸಾರ್ಬರ್ ಇದೆ. ಅದರೊಳಗೆ ಬರೀ ಗಾಳಿ. ಸವಾರ ಕೂತಾಗ ಅದು ಇಂತಿಷ್ಟೇ ಕುಗ್ಗಬೇಕು. ಹೆಚ್ಚು ಕುಗ್ಗಿದರೆ ಕಲ್ಲು ಸಿಕ್ಕಲ್ಲೆಲ್ಲ ತಳ ಹೊಡೆಯುತ್ತದೆ, ಕುಗ್ಗದಿದ್ದರೆ ಹಿಂದಿನ ಚಕ್ರ ಕತ್ತೆಯ ಹಾಗೆ ಒದೆಯುತ್ತದೆ. ಈ ಕುಗ್ಗುವಿಕೆಗೆ ಸ್ಯಾಗ್ ಅನ್ನುತ್ತಾರೆ. ಸವಾರ ಬದಲಾದರೆ ಗಾಳಿಯೂ ಬದಲಾಗಬೇಕು.

ಅದನ್ನು ಹೊಂದಿಸುವಾಗ ಸೈಕಲ್ ಹಿಡಿದುಕೊಳ್ಳಲು ಇನ್ನೊಬ್ಬರು ಬೇಕು. ಕಲ್ಯ ಎಂಬ ಹಳ್ಳಿಯಲ್ಲಿರುವ ನನ್ನ ಅಕ್ಕನೇ ಸಿಕ್ಕಳು. ನಾನು ಕೂತು ಇಳಿದ ಮೇಲೆ, ಶಾಕ್ ಮೇಲಿನ ರಬ್ಬರ್ ಉಂಗುರ ಎಷ್ಟು ಜಾರಿದೆಯೆಂದು ಅವಳು ರವಿಕೆ ಅಳೆಯುವ ಟೇಪಿನಲ್ಲಿ ನೋಡುತ್ತಿದ್ದಳು.

"ದಬಕ್ ಅಂತ ಕೂತ್ರೆ ಲೆಕ್ಕ ತಪ್ಪಾಯ್ತದೆ ಕಣೋ. ಮೆತ್ತಗೆ ಕೂತ್ಕೊ. ಒಸಿ ಗಾಳಿ ಬುಡು."

ನನ್ನ ಎಂಬತ್ತೈದು ಕೆಜಿಗೆ ಅದು ಸರಿಹೊಂದಲು ಮೂರು ಭಾನುವಾರ ಬೇಕಾದವು.

ನಾಲ್ಕನೆಯ ಭಾನುವಾರ ಸಾವನದುರ್ಗದ ದಾರಿಗೆ ಅಕ್ಕನೂ ಬಂದಳು. ಚಿಕ್ಕವಳಿದ್ದಾಗ ಅಪ್ಪನ ಸೈಕಲ್ಲಿನ ಬಾರ್ ಕೆಳಗೆ ಕಾಲು ತೂರಿಸಿ ಊರೆಲ್ಲ ಸುತ್ತಿದವಳು. ಈಗ ಐವತ್ತು ದಾಟಿದ್ದರೂ ಆ ಆಸೆ ಹೋಗಿರಲಿಲ್ಲ. ಕಲ್ಲುಹಾದಿಯ ಇಳಿಜಾರಿನಲ್ಲಿ, ತಾನೂ ಒಂದು ಸಲ ಓಡಿಸುತ್ತೇನೆಂದು ನನ್ನ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತಳು.

"ನಾನು ಐವತ್ತು ಕೆಜಿನೂ ಇಲ್ಲ. ಗಾಳಿ ಇಳ್ಸ್‌ಬೇಕಲ್ವೇನೋ?"

"ಅಷ್ಟಕ್ಕೆಲ್ಲ ಏನೂ ಆಗಲ್ಲ, ಹೋಗಕ್ಕ," ಎಂದೆ.

ಸುಳ್ಳು. ಪಂಪು ಬೆನ್ನಿನ ಚೀಲದಲ್ಲೇ ಇತ್ತು, ಎರಡು ನಿಮಿಷದ ಕೆಲಸ. ಮೂರು ವಾರ ಕಷ್ಟಪಟ್ಟು ಕೂಡಿಸಿದ ನನ್ನ ಅಳತೆ ಕೆಡುತ್ತದಲ್ಲ ಎಂಬ ಜಿಪುಣತನ, ಅಷ್ಟೇ. ಆ ಅಳತೆ ಕೂಡಿಸಿಕೊಟ್ಟವಳೇ ಅವಳು ಎಂಬುದು ಆಗ ನನಗೆ ಹೊಳೆಯಲೂ ಇಲ್ಲ.

ಎರಡನೆಯ ಕಲ್ಲಿಗೇ ಹಿಂದಿನ ಚಕ್ರ ಎಗರಿತು. ಅಕ್ಕ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬಿದ್ದಳು. ಬಲ ಮಣಿಕಟ್ಟು ಮುರಿಯಿತು.

ಅದೇ ವಾರ ಅವಳು ಸಾಕಿದ್ದ ರೇಷ್ಮೆಹುಳು ಬಲಿತು ಹಣ್ಣಾದವು. ಹಣ್ಣಾದ ಹುಳುಗಳನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಹುಳು ಯಾರಿಗೂ ಕಾಯುವುದಿಲ್ಲ. ಅಕ್ಕ ಎಡಗೈಯಲ್ಲೇ ಆರಿಸುತ್ತಿದ್ದಳು. ಸಹಾಯಕ್ಕೆಂದು ಹೋದ ನಾನು ಆರಿಸಿದ್ದಕ್ಕಿಂತ ಅಮುಕಿದ್ದೇ ಹೆಚ್ಚು. ಭಾವ ನೋಡಿ ನೋಡಿ ಕೊನೆಗೆ ಅಂದರು, "ಈ ವಯಸ್ನಲ್ಲಿ ಇವ್ಳಿಗೆ ಸೈಕಲ್ ಬೇಕಾಗಿತ್ತಾ?"

"ನಂದೇ ತಪ್ಪು," ಅಂದಳು ಅಕ್ಕ. "ನಂಗೆ ಹಿಡಿತ ಸಿಗ್ಲಿಲ್ಲ."

ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ, ನಾನೇ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಬಾಯಿ ಮಾತ್ರ ಬಿಡಲಿಲ್ಲ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕೈ ಕೂಡಿಕೊಂಡಿತು. ಆಮೇಲೆ ನಾನು ಸೈಕಲ್ ಓಡಿಸಲು ಎಷ್ಟು ಸಲ ಕರೆದರೂ ಅವಳದು ಒಂದೇ ಉತ್ತರ: "ಬ್ಯಾಡ ಕಣೋ, ಅದು ನನ್ನ ಕೈಲಾಗಾಕಿಲ್ಲ."

ಒಂದು ವರ್ಷ ಕಳೆದ ಮೇಲೆ, ಹಿಪ್ಪುನೇರಳೆ ತೋಟದಲ್ಲಿ ಅವಳು ಸೊಪ್ಪು ಬಿಡಿಸುತ್ತಿದ್ದಾಗ ಹೇಳಿಬಿಟ್ಟೆ. "ಅವತ್ತು ಗಾಳಿ ನನ್ನ ತೂಕಕ್ಕಿತ್ತು ಅಕ್ಕ. ನೀನು ಬಿದ್ದಿದ್ದು ಅದಕ್ಕೇ. ಗೊತ್ತಿದ್ದೂ ನಾನು ಇಳ್ಸಲಿಲ್ಲ."

ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ಅವಳು ಸೊಪ್ಪಿನ ಕುಕ್ಕೆ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಕೈ ಮೂರೇ ತಿಂಗ್ಳಿಗೆ ಸರೋಯ್ತು ಕಣೋ," ಅಂದಳು. "ನನ್ನ ಕೈಲಾಗಾಕಿಲ್ಲ ಅಂತ ಒಂದು ವರ್ಸದಿಂದ ನಂಬ್ಕಂಡಿದ್ನಲ್ಲೋ."