ಮುದುರದ ಸೀರೆಯ ನರ್ಸಮ್ಮ

ನರ್ಸಮ್ಮನ ಎಡಹೆಗಲ ಮೇಲೆ ಕೂರುತ್ತಿದ್ದ ಸೆರಗಿನ ಮಡಿಕೆಗಳು ಎಷ್ಟು ಚೂಪಾಗಿರುತ್ತಿದ್ದವೆಂದರೆ, ಮುಟ್ಟಿದರೆ ಬೆರಳು ಕುಯ್ದೀತು ಎಂದು ಚಿಕ್ಕವಳಿದ್ದಾಗ ನಾನು ನಂಬಿದ್ದೆ. ಗಂಜಿ ಹಾಕಿದ ಬಿಳಿ ಸೀರೆ, ಒಂದರ ಮೇಲೊಂದು ಒತ್ತಾಗಿ ಕೂತ ಮಡಿಕೆಗಳು, ಅವುಗಳನ್ನು ಹಿಡಿದಿಟ್ಟ ಒಂದು ಪಿನ್ನು. ಕುಳ್ಳಗೆ, ಕಪ್ಪಗೆ, ಗಟ್ಟಿಮುಟ್ಟಾಗಿದ್ದ ಅವರು ಬೆಳಿಗ್ಗೆ ಆಸ್ಪತ್ರೆಗೆ ಹೊರಟರೆ ಬೀದಿಯಲ್ಲಿ ಮೊದಲು ಗಂಜಿ ಬಟ್ಟೆಯ ಸರಸರ ಸದ್ದು ಕೇಳಿಸುತ್ತಿತ್ತು. ಆಮೇಲೆ ಅವರು ಕಾಣುತ್ತಿದ್ದರು.

ಗುಂಡ್ಲುಪೇಟೆಯಲ್ಲಿ ಅವರ ಮನೆಯೂ ನಮ್ಮ ಮನೆಯೂ ಎದುರುಬದುರು. ಅವರ ಹುಟ್ಟೂರು ಹರದನಹಳ್ಳಿ. ಮದುವೆಯಾದ ಹೊಸದರಲ್ಲೇ ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಗುಂಡ್ಲುಪೇಟೆಗೆ ಬಂದವರು ನಿವೃತ್ತಿಯಾದ ಮೇಲೂ ಅಲ್ಲೇ ನಿಂತುಬಿಟ್ಟರು. ಅವರಿಗೊಂದು ಹೆಸರಿತ್ತು ಎಂಬುದೇ ಬೀದಿಯವರಿಗೆ ಮರೆತುಹೋಗಿತ್ತು. ಎಲ್ಲರಿಗೂ ನರ್ಸಮ್ಮ.

ಮುದುರಿದ ಬಟ್ಟೆ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಲಸಿಕೆ ಹಾಕಲು ಹಳ್ಳಿಗಳಿಗೆ ಹೋಗುವಾಗ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತೇ ಇರುತ್ತಿದ್ದರು. ಶಾಲೆಗೆ ಹೊರಟ ಮಕ್ಕಳ ಕಾಲರು ಸೊಟ್ಟಗಿದ್ದರೆ ಕರೆದು ನೆಟ್ಟಗೆ ಮಾಡಿ ಬೆನ್ನ ಮೇಲೆ ಒಂದು ತಟ್ಟಿ ಕಳಿಸುತ್ತಿದ್ದರು. ಬಟ್ಟೆಯನ್ನು ಇಸ್ತ್ರಿ ಅಂಗಡಿಗೆ ಕೊಟ್ಟವರಲ್ಲ. ಜಗುಲಿಯ ಮೇಲೆ ಮೇಜು ಹಾಕಿಕೊಂಡು, ಕೆಂಡದ ಇಸ್ತ್ರಿಪೆಟ್ಟಿಗೆಯಲ್ಲಿ ತಾವೇ ಉಜ್ಜುತ್ತಿದ್ದರು. ಹಾಗೆ ಉಜ್ಜುವಾಗಲೇ ಸುಟ್ಟುಕೊಂಡದ್ದರ ಕಲೆ ಎಡಗೈ ಹೆಬ್ಬೆರಳ ಬುಡದಲ್ಲಿ ಹೊಳೆಯುತ್ತಿತ್ತು.

ಇದು ಬರೀ ಶೋಕಿ ಎಂದೇ ನಾನು ತಿಳಿದಿದ್ದೆ. ಹೈಸ್ಕೂಲಿನಲ್ಲಿದ್ದಾಗ ಅಮ್ಮನಿಗೆ ಟೈಫಾಯ್ಡ್ ಬಂದು ಆಸ್ಪತ್ರೆಗೆ ಸೇರಿಸಿದರು. ಒಂದು ದಿನ ಬೆಳಗಿನ ಪಾಳಿಯ ನರ್ಸು ಬರಲಿಲ್ಲವೆಂದು, ರಾತ್ರಿಯಿಡೀ ದುಡಿದಿದ್ದ ನರ್ಸಮ್ಮನೇ ಮುಂದುವರಿಯಬೇಕಾಯಿತು. ಅವರು ಮನೆಗೆ ಓಡಿಹೋಗಿ, ಸ್ವಲ್ಪ ಹೊತ್ತಿಗೆಲ್ಲ ಬೇರೆ ಸೀರೆ ಉಟ್ಟು ಬಂದರು. ಅದೇ ಗಂಜಿ, ಅದೇ ಮಡಿಕೆ. ಕಣ್ಣುಗಳು ಮಾತ್ರ ಕೆಂಪಗಿದ್ದವು.

"ಅಷ್ಟು ಹೊತ್ತಲ್ಲಿ ಒಂಚೂರು ಮಲಗಬಾರದಿತ್ತಾ ನರ್ಸಮ್ಮ? ಸೀರೆ ಬದಲಾಯಿಸೋಕೆ ಹೋದ್ರಾ?" ಎಂದು ಕೇಳಿದೆ.

ಅವರು ಅಮ್ಮನ ಹಣೆ ಮುಟ್ಟಿ ನೋಡುತ್ತಾ ಮೆಲ್ಲಗೆ ಹೇಳಿದರು: "ಜರ ಬಂದೋರು ಕಣ್ ಬುಟ್ಟಾಗ ಮೊದ್ಲು ನೋಡದು ನಮ್ಮನ್ನ ಕಣಮ್ಮಿ. ನನ್ ಸೀರ ಮುದುರ್ಕಂಡಿದ್ರ, 'ಅಯ್ಯೋ, ಇವ್ಳೂ ಸೋತವ್ಳ' ಅನ್ಕಂಡು ಎದರ್ಕತಾರ. ನೆಟ್ಟಗಿದ್ರ, 'ಎಲ್ಲಾ ಸರ್ಯಾಗದ, ನಾನೂ ಎದ್ದೇಳ್ತೀನಿ' ಅನ್ಕತಾರ. ಅಷ್ಟೇಯ."

ಅಮ್ಮ ಗುಣವಾಗಿ ಮನೆಗೆ ಬಂದರು. ಆ ಮಾತು ನನ್ನೊಳಗೆ ಉಳಿಯಿತು.

ಮುಂದೆ ನಾನು ಓದಿ, ಚಾಮರಾಜನಗರದ ಹೈಸ್ಕೂಲೊಂದರಲ್ಲಿ ಸಮಾಜ ಪಾಠದ ಟೀಚರಾದೆ. ಮದುವೆಯಾಗಿ ಅಲ್ಲೇ ಮನೆ ಮಾಡಿದೆ, ಒಂದು ಮಗುವೂ ಆಯಿತು. ಗುಂಡ್ಲುಪೇಟೆಗೆ ಹೋದಾಗಲೆಲ್ಲ ನರ್ಸಮ್ಮನ ಜಗುಲಿಯಲ್ಲಿ ಕೂತು ಕಾಫಿ ಕುಡಿದು ಬರುತ್ತಿದ್ದೆ. ಅಪ್ಪ, ಅಮ್ಮ ಹೋದ ಮೇಲೂ ಆ ರೂಢಿ ತಪ್ಪಲಿಲ್ಲ. ನಲವತ್ತು ದಾಟಿದ ಮೇಲೆ ನನ್ನ ಎಡ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಮೈಸೂರಿನ ಡಾಕ್ಟರು ಕ್ಯಾನ್ಸರ್ ಎಂದರು. ಆ ಎದೆಯನ್ನು ತೆಗೆದರು, ಆಮೇಲೆ ಕಿಮೋ ಶುರುವಾಯಿತು. ಸುದ್ದಿ ಮುಟ್ಟಿದ ದಿನವೇ ನರ್ಸಮ್ಮ ಒಂದು ಚೀಲ ಹಿಡಿದು ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ಆಗ ಅವರಿಗೆ ಎಪ್ಪತ್ತು ಆಗಿತ್ತು. ನಮ್ಮನೆಯವರನ್ನು ಬಾಗಿಲಲ್ಲೇ ನಿಲ್ಲಿಸಿ, "ನೀ ಕೆಲ್ಸಕ್ಕ ಓಗಪ್ಪ, ಮಗೂನ ನೋಡ್ಕ. ಇವ್ಳ್ನ ನೋಡ್ಕಳಕ್ಕ ನಾ ಇವ್ನಿ" ಎಂದರು.

ಕಿಮೋ ಏರಿಸಿದ ದಿನಗಳಲ್ಲಿ ವಾಂತಿ ಬಳಿದರು, ಗಂಜಿ ಕುಡಿಸಿದರು. ಕೂದಲು ಉದುರಿದಾಗ ದಿಂಬಿನ ಮೇಲಿಂದ ಆಯ್ದು ತೆಗೆದು, ಏನೂ ಆಗದವರಂತೆ ಕಸದ ಬುಟ್ಟಿಗೆ ಹಾಕಿದರು. ಒಂದು ಮಧ್ಯಾಹ್ನ, "ಇದೆಲ್ಲ ಮುಗುದ್ಮೇಲ ಏನ್ ಮಾಡ್ಬೇಕು ಅಂತ ಅದ ನಿಂಗ?" ಎಂದು ಕೇಳಿದರು.

ಯಾವ ಆಸೆಯೂ ಇಲ್ಲದ ದಿನಗಳವು. ಬಾಯಿಗೆ ಬಂದದ್ದನ್ನು ಹೇಳಿದೆ: "ಇಷ್ಟು ವರ್ಷ ಬೋರ್ಡಿನ ಮೇಲೆ ಸಮುದ್ರ ಬರೆದಿದ್ದೀನಿ ನರ್ಸಮ್ಮ. ದಡದಲ್ಲಿ ನಿಂತು ನೋಡಿದ್ದು ಬಿಟ್ಟರೆ ಬೇರೆ ಗೊತ್ತಿಲ್ಲ. ಸುತ್ತ ಎಲ್ಲೂ ನೆಲ ಕಾಣದ ಕಡೆ ಒಂದ್ಸಲ ನಿಲ್ಲಬೇಕು."

"ಹಡಗಲ್ಲಿ ಓಗ್ಬೇಕು ಅನ್ನು."

"ಹೂಂ."

"ಓಗನ ಬುಡು," ಎಂದರು, ಸಂತೆಗೆ ಹೋಗೋಣ ಎಂದಷ್ಟು ಸಲೀಸಾಗಿ.

ರೋಗಿಯನ್ನು ಸಮಾಧಾನ ಮಾಡುವ ಮಾತು ಎಂದುಕೊಂಡು ಮರೆತೆ. ಚಿಕಿತ್ಸೆ ಮುಗಿದು ತಲೆಯ ಮೇಲೆ ಹುಲ್ಲಿನ ಮೊಳಕೆಯಂತೆ ಕೂದಲು ಬರತೊಡಗಿದಾಗ, ಕೊಚ್ಚಿಯಿಂದ ಹೊರಡುವ ವಿಹಾರದ ಹಡಗಿಗೆ ನಮ್ಮಿಬ್ಬರ ಟಿಕೆಟ್ಟು ಆಗಿದೆ ಎಂದರು ನರ್ಸಮ್ಮ. ನಮ್ಮನೆಯವರೂ ಅವರೂ ಸೇರಿ ಗುಟ್ಟಾಗಿ ಮಾಡಿದ ಏರ್ಪಾಡು. ಕೋಪವೂ ಬಂತು, ಅಳುವೂ ಬಂತು. ಆಗ ನಾನು ಮನೆಯಿಂದ ಹೊರಗೆ ಹೋಗುವುದನ್ನೇ ಬಿಟ್ಟಿದ್ದೆ. ತಲೆಗೆ ಸ್ಕಾರ್ಫು, ಮೈಗೆ ಸಡಿಲವಾದ ಚೂಡಿದಾರ, ಎದೆಯ ಮೇಲೆ ಮಡಚಿಕೊಂಡ ಕೈ. ಕನ್ನಡಿಗೆ ಟವೆಲ್ಲು ಹೊದಿಸಿದ್ದೆ.

ಬಟ್ಟೆ ತುಂಬುವ ದಿನ ಅವರ ಸಂಭ್ರಮ ನೋಡಬೇಕಿತ್ತು. ಗುಂಡ್ಲುಪೇಟೆಯ ಅವರ ಮನೆಯ ಮಂಚದ ಮೇಲೆ ಎಲ್ಲವನ್ನೂ ಹರಡಿಕೊಂಡಿದ್ದರು. ಹತ್ತಿ ಬಟ್ಟೆಗಳನ್ನು ಚಾಪೆಯಂತೆ ಸುರುಳಿ ಸುತ್ತಿದರು. ತಮ್ಮ ಸೀರೆಗಳ ಮಡಿಕೆ ಮಡಿಕೆಗೂ ತೆಳ್ಳನೆ ಕಾಗದ ಇಟ್ಟರು. "ಪೆಟ್ಗನ ಬಿಗ್ಯಾಗಿ ತುಂಬುದ್ರ ಬಟ್ಟ ನಲುಗ್ತದ. ಸಡ್ಲ ಬುಟ್ರ ಒಳಗೇ ಓಡಾಡಿ ಮುದುರ್ತದ. ಕೂಸ್ನ ತೊಟ್ಲಲ್ಲಿ ಮಲಗ್ಸ್ದಂಗ ಇರ್ಬೇಕು," ಎಂದು ಪಾಠ ಬೇರೆ. ನಾನು ಮೂರು ಚೂಡಿದಾರ ಕೊಟ್ಟು ಸುಮ್ಮನೆ ಕೂತಿದ್ದೆ. ಹಡಗಿನಲ್ಲಿ ಮೊದಲ ಸಂಜೆ ಎಲ್ಲರೂ ಚೆನ್ನಾಗಿ ಉಟ್ಟು ತೊಟ್ಟು ಬರಬೇಕಾದ ಒಂದು ಊಟವಿದೆ ಎಂದು ಗೊತ್ತಿತ್ತು. ಅದಕ್ಕೆ ಹೋಗಬಾರದು ಎಂದು ಮೊದಲೇ ತೀರ್ಮಾನಿಸಿದ್ದೆ.

ಗುಂಡ್ಲುಪೇಟೆಯಿಂದ ಕೋಯಿಕ್ಕೋಡಿಗೆ ಬಸ್ಸು, ಅಲ್ಲಿಂದ ರೈಲು. ಕೇರಳಕ್ಕೆ ತರಕಾರಿ ಒಯ್ಯುವ ಯಾರೋ ನಮ್ಮ ಪೆಟ್ಟಿಗೆಯ ಮೇಲೆ ಕುಂಬಳಕಾಯಿ ಮೂಟೆ ಹೇರಿದ್ದರು. ವಯನಾಡಿನ ಘಾಟಿ ಇಳಿಯುವಾಗ ನರ್ಸಮ್ಮ ಅದನ್ನು ನೋಡಿ ಎದ್ದು ನಿಂತು, "ಯಾರಪ್ಪ ಇದು, ತಗೀರಿ! ಒಳಗ ಸೀರ ಅದ!" ಎಂದು ಕೂಗಿದ ಕೂಗಿಗೆ ಇಡೀ ಬಸ್ಸು ತಿರುಗಿ ನೋಡಿತು. ಅಷ್ಟು ಹೊತ್ತಿಗೆ ಆಗಬೇಕಾದದ್ದು ಆಗಿತ್ತು.

ಕೊಚ್ಚಿಯಲ್ಲಿ ಹಡಗು ಹತ್ತುವ ಮುಂಚೆ ಸಾಮಾನು ತಪಾಸಣೆ. ನರ್ಸಮ್ಮ ತಂದಿದ್ದ ಚಿಕ್ಕ ಕರೆಂಟ್ ಇಸ್ತ್ರಿಪೆಟ್ಟಿಗೆಯನ್ನು ತೆಗೆದು ಪಕ್ಕಕ್ಕಿಟ್ಟರು. ಕ್ಯಾಬಿನ್‌ನಲ್ಲಿ ಅದನ್ನು ಬಳಸುವಂತಿಲ್ಲ, ಬೆಂಕಿಯ ಭಯ, ಇಳಿಯುವಾಗ ವಾಪಸ್ ಕೊಡುತ್ತೇವೆ ಎಂದ ಅಲ್ಲಿನ ಹುಡುಗ. ಜಗಳ ಗ್ಯಾರಂಟಿ ಎಂದು ನಾನು ಹಿಂದೆ ಸರಿದೆ. ನರ್ಸಮ್ಮ ಮಾತ್ರ ಗಡಿಯಾಚೆಯ ರೋಗಿಗಳಿಂದ ಕಲಿತಿದ್ದ ಮಲಯಾಳದಲ್ಲಿ ಅವನನ್ನು ಹೊಗಳಿಬಿಟ್ಟರು. ನನ್ನ ಕಡೆ ತಿರುಗಿ, "ಸರ್ಯಾಗೇ ಏಳ್ತವ್ನ ಕಣ. ವಾರ್ಡ್‌ಗ ಯಾರಾರ ಸ್ಟವ್ ತಂದ್ರ ನಾನೂ ಬುಡ್ತಿರ್ಲಿಲ್ಲ," ಎಂದರು.

ಕ್ಯಾಬಿನ್ ನಮ್ಮ ಅಡುಗೆಮನೆಯಷ್ಟೇ ಇತ್ತು. ಒಳಗೆ ಕಾಲಿಟ್ಟ ಕೂಡಲೇ, ಮುಖವನ್ನೂ ತೊಳೆಯದೆ, ಪೆಟ್ಟಿಗೆ ಬಿಚ್ಚಿ ಬಟ್ಟೆಗಳನ್ನೆಲ್ಲ ನೇತುಹಾಕತೊಡಗಿದರು. ಕೊನೆಯಲ್ಲಿ ಅಡಿಯಿಂದ ಒಂದು ಹಳೇ ಪಂಚೆಯ ಸುರುಳಿ ಹೊರಬಂತು. ಅದರೊಳಗೆ ನನ್ನ ನೇರಳೆ ಬಣ್ಣದ ಕೊಳ್ಳೇಗಾಲದ ರೇಷ್ಮೆ ಸೀರೆ! ನಮ್ಮನೆಯವರ ಕೈಯಿಂದ ಬೀರು ತೆಗೆಸಿ ತರಿಸಿಕೊಂಡಿದ್ದರು. ಕುಂಬಳಕಾಯಿ ಭಾರಕ್ಕೆ ಸುರುಳಿ ಚಪ್ಪಟೆಯಾಗಿ, ಸೀರೆಯ ಮೈತುಂಬ ಗೆರೆ ಬಿದ್ದಿತ್ತು. ನರ್ಸಮ್ಮನ ಮುಖ ಚಿಕ್ಕದಾಯಿತು.

ನನಗೆ ಒಳಗೊಳಗೇ ನಿರಾಳ. "ಬಿಡಿ ನರ್ಸಮ್ಮ, ಇದನ್ನ ಉಡೋಕಾಗಲ್ಲ. ನೀವು ಹೋಗಿ ಊಟ ಮಾಡ್ಕೊಂಡು ಬನ್ನಿ. ನಾನು ಇಲ್ಲೇ ಇರ್ತೀನಿ. ನನ್ನ ಯಾರು ನೋಡಬೇಕು?" ಎಂದೆ.

"ಯಾರೂ ನೋಡ್ದಿದ್ರ ಬ್ಯಾಡ. ನೀ ನೋಡ್ಕಬೇಕಲ್ಲ," ಎಂದರು.

ಹಡಗಿನ ಲಾಂಡ್ರಿಗೆ ಫೋನು ಮಾಡಿಸಿದರು. ನಾಳೆ ಕೊಡುತ್ತೇವೆ ಎಂದರು. ಬಚ್ಚಲಿನ ಬಾಗಿಲು ಮುಚ್ಚಿ ಬಿಸಿನೀರು ಬಿಟ್ಟರು. ಒಳಗೆಲ್ಲ ಹಬೆ ಕಟ್ಟಿದ ಮೇಲೆ ನಲ್ಲಿ ನಿಲ್ಲಿಸಿ, ಜರಿಗೆ ಹನಿ ತಾಗದ ಹಾಗೆ ಸೀರೆಯನ್ನು ಹ್ಯಾಂಗರಿಗೆ ಹಾಕಿ ತೂಗಿಬಿಟ್ಟರು. ಸಣ್ಣ ಗೆರೆಗಳು ತಾವಾಗಿಯೇ ಇಳಿದವು. ದೊಡ್ಡವು ಹೋಗಲಿಲ್ಲ. ಆಗ ಚೀಲದಿಂದ ಸಪಾಟು ತಳದ ಸ್ಟೀಲ್ ಚೊಂಬು ತೆಗೆದುಕೊಂಡು, ಮೇಲಿನ ಅಂತಸ್ತಿನಲ್ಲಿ ಟೀ ಕೊಡುವ ಕಡೆಯಿಂದ ಕುದಿಯುವ ನೀರು ಹಿಡಿದು, ಮುಚ್ಚಳ ಬಿಗಿದು ತಂದರು. ಹಾಸಿಗೆಯ ಮೇಲೆ ಟವೆಲ್ಲು, ಅದರ ಮೇಲೆ ಸೀರೆ, ಸೀರೆಯ ಮೇಲೆ ಆ ಹಳೇ ಪಂಚೆ. ಚೊಂಬನ್ನು ಬಟ್ಟೆಯಲ್ಲಿ ಹಿಡಿದು ಸೆರಗಿನಿಂದ ಶುರುಮಾಡಿ ಮೆಲ್ಲಗೆ ಒತ್ತುತ್ತಾ ಹೋದರು. ಹಡಗು ಹೊರಟಿತ್ತು, ನೆಲ ಸಣ್ಣಗೆ ಅದುರುತ್ತಿತ್ತು. ಅವರು ಮಂಡಿಯೂರಿ ಕೂತು, ತುಟಿ ಕಚ್ಚಿಕೊಂಡು ಒತ್ತುತ್ತಲೇ ಇದ್ದರು. ನೀರು ಆರಿದಾಗ ಮತ್ತೆ ಮೆಟ್ಟಿಲು ಹತ್ತಲು ಹೊರಟರು. ಎಪ್ಪತ್ತರ ಮಂಡಿನೋವಿನಲ್ಲಿ ಅವರು ಏಳುವುದನ್ನು ನೋಡಲಾಗಲಿಲ್ಲ. "ಕೊಡಿ, ನಾನು ತರ್ತೀನಿ," ಎಂದು ಚೊಂಬು ಕಿತ್ತುಕೊಂಡು ಹೋದೆ. ಎಷ್ಟೋ ತಿಂಗಳ ಮೇಲೆ ಗೊತ್ತಿಲ್ಲದ ಜನರ ನಡುವೆ ಒಬ್ಬಳೇ ನಡೆದದ್ದು ಅಂದೇ. ಯಾರೂ ನನ್ನನ್ನು ದುರುಗುಟ್ಟಿ ನೋಡಲಿಲ್ಲ. ಟೀ ಕೊಡುವವನು ನಕ್ಕು, ಚೊಂಬು ತುಂಬಿಕೊಟ್ಟ.

ಇಬ್ಬರೂ ಸೇರಿ ಸೀರೆಯ ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟಿದೆವು. ಆಗ ಅವರು ತಮ್ಮ ಕೈಚೀಲದಿಂದ ಒಂದು ಪೊಟ್ಟಣ ತೆಗೆದು ಕೊಟ್ಟರು. ಹೊಸ ರವಿಕೆ. ಎಡಭಾಗದ ಒಳಗೆ ಮೆತ್ತನೆಯ ಹತ್ತಿ ತುಂಬಿ, ತೆಳ್ಳನೆಯ ಮಲ್ಲು ಬಟ್ಟೆಯ ಒಳಪದರ ಕೊಟ್ಟು, ಬಲಭಾಗದ ಸರಿಸಮಕ್ಕೆ ಹೊಲಿದಿದ್ದರು. ಹಾಕಿಕೊಂಡೆ. ಗಾಯದ ಮೇಲೆ ಎಲ್ಲೂ ಒತ್ತಲಿಲ್ಲ.

"ಯಾರ ಹತ್ರ ಹೊಲಿಸಿದ್ರಿ?"

"ನಾನೇಯ. ಕಣ್ ಸರ್ಯಾಗಿ ಕಾಣ್ನಿಲ್ಲ, ಬಿಚ್ಚಿ ಬಿಚ್ಚಿ ಹೊಲ್ದೆ. ಅತ್ಗಿತ್ತು ಮಾಡ್ಬ್ಯಾಡ ಈಗ. ಜರಿ ಮ್ಯಾಲ ನೀರ್ ಬಿದ್ರ ಕಲೆ ಆಯ್ತದ."

ಅಳುತ್ತಾ ನಗುವುದು ಏನೆಂದು ಅಂದು ತಿಳಿಯಿತು. ನೆರಿಗೆ ಹಿಡಿದು, ಪಿನ್ನು ಹಾಕಿ, ಎರಡು ಹೆಜ್ಜೆ ಹಿಂದೆ ಹೋಗಿ ನೋಡಿದರು. ಕ್ಯಾಬಿನ್ನಿನ ಕನ್ನಡಿಯಲ್ಲಿ ನಾನೂ ನೋಡಿದೆ. ಬಹಳ ದಿನದಿಂದ ಕಾಣದಿದ್ದ ಹೆಂಗಸೊಬ್ಬಳು ಅಲ್ಲಿ ನಿಂತಿದ್ದಳು, ಸ್ವಲ್ಪ ಬಡವಾಗಿ.

ಊಟದ ಹಾಲಿಗೆ ಹೋಗುವ ಮುಂಚೆ ಮೇಲಿನ ಡೆಕ್ಕಿಗೆ ಹತ್ತಿದೆವು. ಸೂರ್ಯ ಇನ್ನೇನು ಮುಳುಗಲಿದ್ದ. ದಡ ಯಾವಾಗಲೋ ಕರಗಿಹೋಗಿತ್ತು. ಸುತ್ತ ಎತ್ತ ತಿರುಗಿದರೂ ನೀರು, ಆ ನೀರು ಆಕಾಶವನ್ನು ಮುಟ್ಟುವ ಒಂದೇ ಒಂದು ಗೆರೆ. ಕಂಬಿಯ ಹತ್ತಿರ ಹೋದದ್ದೇ ತಡ, ಗಾಳಿ ನುಗ್ಗಿ ಬಂತು. ಸ್ಕಾರ್ಫು ಕುತ್ತಿಗೆಗೆ ಜಾರಿತು. ಸೆರಗು ಪಿನ್ನಿನ ಸಮೇತ ಹಾರಿತು, ನೆರಿಗೆ ಕಾಲಿಗೆ ಸುತ್ತಿಕೊಂಡು ಮುದುರಿ ಮುದ್ದೆಯಾಯಿತು. ಇಡೀ ಮಧ್ಯಾಹ್ನದ ಅವರ ಶ್ರಮ! ಹೆದರಿ ಅವರ ಕಡೆ ನೋಡಿದೆ. ಅವರ ಗಂಜಿಯ ಸೀರೆಯೂ ಹಾಯಿಯಂತೆ ಉಬ್ಬಿ, ಮಡಿಕೆಗಳೆಲ್ಲ ಬಿಚ್ಚಿಕೊಂಡು ಪಟಪಟ ಬಡಿಯುತ್ತಿತ್ತು. ಅವರು ಬಾಯಿತುಂಬ ನಗುತ್ತಿದ್ದರು.

"ಮುದುರ್ಲಿ ಬುಡು ಕಣಮ್ಮಿ!" ಎಂದು ಗಾಳಿಯ ಮೇಲೆ ಕೂಗಿದರು. "ಮುದುರ್ಲಿ! ನೀ ನೋಡು, ಸರ್ಯಾಗಿ ನೋಡು!"

ನೋಡಿದೆ. ಸ್ಕಾರ್ಫನ್ನು ಮತ್ತೆ ತಲೆಯ ಮೇಲೆ ಎಳೆದುಕೊಳ್ಳಲಿಲ್ಲ. ಹಾಗೇ, ಮುದುರಿದ ಸೀರೆಯಲ್ಲೇ ಊಟದ ಹಾಲಿಗೆ ಹೋದೆವು. ನಮ್ಮ ಮೇಜಿನಲ್ಲಿದ್ದ ತ್ರಿಶೂರಿನ ಹೆಂಗಸೊಬ್ಬರು ಸೀರೆ ಎಲ್ಲಿಯದೆಂದು ಕೇಳಿದರು. ನರ್ಸಮ್ಮ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, ನಮ್ಮ ಕೊಳ್ಳೇಗಾಲದ್ದು ಎಂದು. ಅಂದು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ.

ಹಡಗಿನಿಂದ ಇಳಿದ ಮೇಲಿನ ಜೂನಿನಲ್ಲಿ ಶಾಲೆಗೆ ಮರಳಿದೆ. ನರ್ಸಮ್ಮ ಆಮೇಲೂ ಕೆಲವು ವರ್ಷ ಇದ್ದರು. ಹೋದ ಚಳಿಗಾಲದಲ್ಲಿ, ಜಗುಲಿಯ ಬಿಸಿಲಿನಲ್ಲಿ ಕಾಫಿ ಕುಡಿದು, "ಒಂಚೂರು ಒರಗ್ತೀನಿ" ಎಂದು ಪಕ್ಕದ ಮನೆಯವರಿಗೆ ಹೇಳಿ ಒಳಗೆ ಹೋದವರು ಏಳಲಿಲ್ಲ. ಹರದನಹಳ್ಳಿಯಲ್ಲಿ ಮಣ್ಣು ಮಾಡಿದೆವು. ತಾವು ಹುಟ್ಟುವಾಗ ಹಿಡಿದ ಮೊದಲ ಕೈ ಅವರದು ಎಂದು ಹೇಳಿಕೊಂಡು ಎಲ್ಲೆಲ್ಲಿಂದಲೋ ಜನ ಬಂದಿದ್ದರು. ಮೈಸೂರಿನ ಡಾಕ್ಟರು ಈಗ ನನಗೆ ವರ್ಷಕ್ಕೊಮ್ಮೆ ಬಂದರೆ ಸಾಕು ಎಂದಿದ್ದಾರೆ.

ರಜೆಯ ದಿನಗಳಲ್ಲಿ ನಾನು ಚಾಮರಾಜನಗರದ ಆಸ್ಪತ್ರೆಗೆ ಹೋಗುತ್ತೇನೆ. ನನ್ನಂತೆಯೇ ಆಪರೇಷನ್ ಆದ ಹೆಂಗಸರ ಜೊತೆ ಸ್ವಲ್ಪ ಹೊತ್ತು ಕೂರುತ್ತೇನೆ. ಮೊನ್ನೆ ಕುದೇರು ಎಂಬ ಊರಿನ ಒಬ್ಬರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಾನು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ. ಬಹಳ ಹೊತ್ತಾದ ಮೇಲೆ ಅವರು ತಿರುಗಿ ನೋಡಿ, "ನೀವು ಯಾರ್ ಕಡಿಯೋರವ್ವ?" ಎಂದರು. ಯಾವ ರೋಗಿಯನ್ನು ನೋಡಿಕೊಳ್ಳಲು ಬಂದವಳು ಎಂದು ಅವರ ಪ್ರಶ್ನೆ.

"ನಿಮ್ ಕಡಿಯೋಳೇ ಕಣಮ್ಮ," ಎಂದೆ.

ಅವರು ನನ್ನನ್ನೇ ನೋಡಿದರು. ಆಮೇಲೆ ಮೆಲ್ಲಗೆ ಕಾಲು ಮಡಚಿಕೊಂಡು, ಮಂಚದ ಮೇಲೆ ನನಗೆ ಜಾಗ ಮಾಡಿಕೊಟ್ಟರು.