ಸಮುದ್ರಕ್ಕೆ ಒಯ್ದ ಕೊಡ

ಜತ್ತ ಸಂಸ್ಥಾನ ಹೋಗಿ ತಾಲೂಕಾದ ಮೇಲಿನ ಮಾತು. ವಳಸಂಗದಲ್ಲಿ ಶೇಂಗಾ ವ್ಯಾಪಾರ ಮಾಡಿಕೊಂಡಿದ್ದ ನಮ್ಮ ಭಾವನವರು ಕೊಂಕಣದ ಬಂದರಿನಲ್ಲಿ ಒಂದು ಹಳೆಯ ಹಾಯಿಹಡಗು ಕೊಂಡು, ವರ್ಷವಿಡೀ ರಿಪೇರಿ ಮಾಡಿಸಿದರು. ಕೆರೆಯ ಏರಿಯ ಮೇಲೆ ನಿಂತರೂ ತಲೆ ತಿರುಗುತ್ತದೆ ಎನ್ನುವ ಮನುಷ್ಯ. ಮೊದಲ ಪ್ರಯಾಣಕ್ಕೆ ಮನೆಮಂದಿಯೆಲ್ಲ ಬರಬೇಕೆಂದು ಅಪ್ಪಣೆಯಾಯಿತು. ಮುಂಜಾನೆ ಹತ್ತಿದರೆ ಸಂಜೆಗೆ ಮುಂದಿನ ಬಂದರು.

ಭಾವನವರ ತಾಯಿ, ಅಂದರೆ ನಮ್ಮ ಅತ್ತೆ, ಲಿಂಗಪೂಜೆಯಾಗದೆ ಬಾಯಿಗೆ ಹನಿ ನೀರು ಹಾಕುವವರಲ್ಲ. ಮನೆಯ ಬಾವಿಯಿಂದ ತಾಮ್ರದ ಕೊಡ ತುಂಬಿ, ಬಾಯಿಗೆ ಅರಿವೆ ಕಟ್ಟಿ, ಘಟ್ಟ ಇಳಿಯುವ ಮೋಟಾರಿನಲ್ಲೂ ತೊಡೆಯ ಮೇಲಿಟ್ಟುಕೊಂಡೇ ಬಂದರು.

"ಸಮುದ್ರಕ್ಕ ನೀರು ಒಯ್ಯಾಕಿ ನೀ ಒಬ್ಬಾಕಿನ ನೋಡವ್ವ," ಎಂದು ಭಾವನವರು ನಕ್ಕರು.

"ದೇವರನ್ನ ಉಪ್ಪಿನ್ಯಾಗ ತೊಳೀಲೇನು? ಅಂವ ಏನ ಮಾವಿನಕಾಯಿ ಏನಪಾ?"

ಹತ್ತಿದ ಕೂಡಲೇ ಭಾವನವರ ಬಾಯಲ್ಲಿ ಹಡಗಿನ ಚರಿತ್ರೆ ಶುರುವಾಯಿತು. ಬಂದರಿನಲ್ಲಿ ಅದಕ್ಕೆ ಎಂಬತ್ತು ವರ್ಷ. ಹಾಯಿ ಬಿಚ್ಚುವಷ್ಟರಲ್ಲಿ ನೂರು. ಊಟದ ಹೊತ್ತಿಗೆ ಅದು ಅರಬಸ್ತಾನದ ಕುದುರೆ ತಂದ ಹಡಗಾಗಿತ್ತು. ಚುಕ್ಕಾಣಿ ಹಿಡಿದಿದ್ದ ಮುದುಕ ತಾಂಡೇಲ ಮರಾಠಿಯಲ್ಲಿ ಮೆಲ್ಲಗೆ ಹೇಳಿದ: ಕುದುರೆಯಲ್ಲ, ಹಂಚು ಹೊರುತ್ತಿತ್ತು, ಹಲಗೆ ಹೊಸವು, ಹಾಯಿಕಂಬ ಹೊಸದು, ಹಳೆಯದೆಂದು ಉಳಿದದ್ದು ಅಡಿಯ ದಿಮ್ಮಿ ಮತ್ತು ನಾನು. ನಮಗೆಲ್ಲ ಮರಾಠಿ ಬರುತ್ತಿದ್ದುದೇ ಭಾವನವರ ದುರ್ದೈವ.

"ನಮ್ಮತ್ತಿ ಹೊಲಿದ ಕೌದಿ ಇದ್ದಂಗ," ಎಂದರು ಅತ್ತೆ. "ತ್ಯಾಪಿ ಎಲ್ಲಾ ನಾನ ಹಚ್ಚೀನಿ, ಹೆಸರ ಮಾತ್ರ ಆಕೀದು."

ಹಡಗಿನ ಸಂಸಾರ ಸಣ್ಣದು. ಮಣ್ಣು ತುಂಬಿದ ಪೆಟ್ಟಿಗೆಯ ಮೇಲೆ ಒಲೆ, ಒಂದು ಅನ್ನದ ಪಾತ್ರೆ, ಕುಡಿಯುವ ನೀರಿಗೆ ಒಂದೇ ಪೀಪಾಯಿ. ನಾಲ್ವರು ಖಲಾಸಿಗಳು ಅದರಿಂದ ಅಳೆದು ಕುಡಿಯುತ್ತಿದ್ದರು. ಭಾವನವರು ಹಡಗಿನ ಮೂತಿಗೆ ಕಾಯಿ ಒಡೆದು, ಆ ಪೀಪಾಯಿಯ ನೀರಿನಿಂದಲೇ ಕೊಡಗಟ್ಟಲೆ ಅಭಿಷೇಕ ಮಾಡಿಸಿದರು. ಬೇಸಿಗೆಯಲ್ಲಿ ನೀರಿಲ್ಲದೆ ಪಾತ್ರೆಗಳನ್ನು ಬೂದಿಯಲ್ಲಿ ತಿಕ್ಕಿ ಒರೆಸಿಡುವ ಊರಿನವರು.

ಮಧ್ಯಾಹ್ನ ಗಾಳಿ ಬಿದ್ದಿತು. ಹಾಯಿ ಒಣಹಾಕಿದ ಸೀರೆಯ ಹಾಗೆ ಜೋತುಬಿತ್ತು. ಮರುದಿನ ಮುಂಜಾನೆಯೂ ಹಡಗು ಅಲ್ಲೇ, ಪೀಪಾಯಿ ಖಾಲಿ. ಉಳಿದದ್ದು ಅತ್ತೆಯ ಕೊಡ, ಅದೂ ಅರ್ಧ. ಎಲ್ಲರ ಕಣ್ಣೂ ಅದರ ಮೇಲೆ. ಕೊಟ್ಟರೆ ನಾಳೆಗೆ ಪೂಜೆಯಿಲ್ಲ, ಪೂಜೆಯಿಲ್ಲದೆ ಆ ಅರವತ್ತು ದಾಟಿದ ಜೀವಕ್ಕೆ ಅನ್ನನೀರಿಲ್ಲ. ಗಾಳಿ ಯಾವಾಗ ಏಳುವುದೋ ತಾಂಡೇಲನಿಗೂ ತಿಳಿಯದು.

ಅತ್ತೆ ಅರಿವೆ ಬಿಚ್ಚಿದರು. ಮೂರು ಹನಿಯಲ್ಲಿ ಲಿಂಗಪೂಜೆ ಮುಗಿಸಿ, ತಾವೊಂದು ಗುಟುಕು ಕುಡಿದು, ತಾಂಡೇಲನನ್ನು ಕರೆದರು. "ಬರ್ರಿ, ಕುಂದ್ರಿ. ನಿಮ್ಮ ಮಂದೀನೂ ಕರೀರಿ."

ಮೊದಲು ಅವನಿಗೆ, ಆಮೇಲೆ ಖಲಾಸಿಗಳಿಗೆ, ಆಮೇಲೆ ನಮಗೆ. ನಡುವೆ ಚಾಚಿದ ಮಗನ ಲೋಟವನ್ನು ಪಕ್ಕಕ್ಕೆ ಸರಿಸಿದರು. "ನಿಂದು ನೂರ ವರ್ಷದ ಹಡಗ. ತುಸು ತಡಕೊಳ್ಳಾಕ ಏನಾಗೈತಿ?"

ಕೊನೆಗೆ ಭಾವನವರಿಗೆ ತಳದ ಅರ್ಧ ಲೋಟ ಸಿಕ್ಕಿತು.

"ಅವ್ವ, ಇದರಾಗ ಮಣ್ಣೈತಿ."

"ನಮ್ಮೂರ ಮಣ್ಣ ಅದು. ಕುಡಿ."

ಮಧ್ಯಾಹ್ನ ಗಾಳಿ ಎದ್ದು, ಕತ್ತಲಾಗುವ ಮೊದಲೇ ದಡ ಸೇರಿದೆವು. ಅತ್ತೆ ಇಳಿದವರೇ ಬಾವಿ ಎಲ್ಲಿ ಎಂದು ಕೇಳಿ, ಕೊಡ ತುಂಬಿಕೊಂಡರು.

ಊರಿಗೆ ಬಂದ ಮೇಲೆ ಭಾವನವರು ಪಡಸಾಲೆಯಲ್ಲಿ ಕುಳಿತು ನಾಲ್ಕು ಮಂದಿಗೆ ಹೇಳುತ್ತಿದ್ದರು, "ನಮ್ಮ ಹಡಗಿನ್ಯಾಗ ಸಿಹಿನೀರಿನ ಬಂದೋಬಸ್ತ ಭಾಳ ಚಲೋ ಐತ್ರಿ."

"ಹೌದ್ರಿ," ಎಂದರು ಅತ್ತೆ ಒಳಗಿನಿಂದ. "ಆ ಬಂದೋಬಸ್ತ ಈಗ ಇಲ್ಲಿ ಕೊಡ ಬೆಳಗಾಕತ್ತೈತಿ."