ಏರೇಷನ್ ಟ್ಯಾಂಕಿನ ಗೋಡೆಯ ದೊಡ್ಡ ಜೀವ

ಇದು ಎರಡು ವರ್ಷದ ಹಿಂದಿನ ಮಾತು. ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ನಾನು ಇಟಿಪಿ ಆಪರೇಟರ್. ಕಾರ್ಖಾನೆಯ ಕೊಳೆನೀರನ್ನು ಶುದ್ಧ ಮಾಡುವ ಘಟಕಕ್ಕೆ ಇಟಿಪಿ ಎನ್ನುತ್ತಾರೆ. ಆ ಮಂಗಳವಾರ ಮೊದಲ ಶಿಫ್ಟ್ ಮುಗಿಸಿ ವರ್ತೂರಿನ ಮನೆಗೆ ಬಂದಾಗ ಮಗಳು ಪಲ್ಲವಿ ನೆಲದ ಮೇಲೆ ಹಾಳೆ ಹರಡಿಕೊಂಡು ಕೂತಿದ್ದಳು. ಹತ್ತೊಂಬತ್ತು ವರ್ಷ. ಮನೆಯಲ್ಲಿ ನಾವಿಬ್ಬರೇ. ಅವಳು ಚಿತ್ರಿಸುತ್ತಿದ್ದುದು ಲೋಕದಲ್ಲಿ ಎಲ್ಲೂ ಇಲ್ಲದ ನೀರಿನ ದೈತ್ಯ ಜೀವಗಳನ್ನು. ಹಸುವಿನ ಕಣ್ಣು, ಕೊಡೆಯಂಥ ರೆಕ್ಕೆ. ಒಂದಕ್ಕೂ ಹಲ್ಲಿರಲಿಲ್ಲ.

“ಅಪ್ಪಾ, ನಿನ್ ಟ್ಯಾಂಕ್ ಎಷ್ಟು ನೀರು ಹಿಡಿಯತ್ತೆ?”

“ಎರಡು ಲಕ್ಷ ಲೀಟರ್.”

ಆಗಷ್ಟೇ ಬರೆದು ಮುಗಿಸಿದ ಜೀವದ ಮೇಲೆ ಅವಳು ಬೆರಳಿಟ್ಟಳು. “ಹಂಗಾದ್ರೆ ಇವ್ಳು ಅದ್ರಲ್ಲಿ ಹಿಡಿಸ್ತಾಳೆ ಬಿಡು. ಸ್ವಲ್ಪ ಮುದುರ್ಕೋಬೇಕು ಅಷ್ಟೇ.”

“ಆ ನೀರಲ್ಲಿ ಮೀನೂ ಬದುಕಲ್ಲ ಕಣೆ.”

“ಇವ್ಳು ಮೀನಲ್ವಲ್ಲ!”

ಬುಧವಾರ ಜ್ವರ ಬಂತು. ಡೆಂಗಿ ಎಂದರು. ಒಂಬತ್ತನೇ ದಿನ ಅವಳು ತೀರಿಕೊಂಡಳು.

ಕೆಲಸಕ್ಕೆ ಮರಳಿದ ಮೇಲೆ ನನ್ನ ಲಾಗ್‌ಬುಕ್ ಕೆಟ್ಟಿತು. ನೀರಿನ ಆಮ್ಲ-ಕ್ಷಾರದ ಅಳತೆಯನ್ನು ಗಂಟೆಗೊಮ್ಮೆ ನೋಡಿ ಬರೆಯಬೇಕು. ಒಂದು ದಿನ ನೋಡದೆಯೇ ಒಂದೇ ಅಂಕಿಯನ್ನು ಆರು ಸಲ ಬರೆದಿದ್ದೆ. ಭಾನುವಾರ ಬೇರೆ ಯಂತ್ರಗಳು ನಿಲ್ಲುತ್ತವೆ, ಇಟಿಪಿ ನಿಲ್ಲುವುದಿಲ್ಲ. ಅಂಥ ನಾಲ್ಕು ಭಾನುವಾರಗಳಲ್ಲಿ, ಪೈಪುಗಳಿಗೆ ಬಳಿದು ಉಳಿದ ಬಣ್ಣದಿಂದ, ಅವಳ ಕೊನೆಯ ಚಿತ್ರವನ್ನು ಏರೇಷನ್ ಟ್ಯಾಂಕಿನ ಹೊರಗೋಡೆಯ ಮೇಲೆ ಬರೆದೆ. ಅಡಿಯಿಂದ ಗಾಳಿ ಊದಿ ಕೊಳೆನೀರನ್ನು ಕಲಕುವ ಟ್ಯಾಂಕು ಅದು. ನನಗೆ ಚಿತ್ರ ಬಾರದು. ಚೌಕಳಿ ಎಳೆದು ನಕಲು ಮಾಡಿದೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಮುಗಿದ ದಿನ ಅದರ ಎದುರು ಕೂತೆ. ಗಾಳಿಯೂದುವ ಬ್ಲೋವರಿನ ಸದ್ದು ಅದರ ಉಸಿರಿನಂತೆ ಕೇಳಿತು. ಸ್ವಲ್ಪ ಹೊತ್ತಿಗೆ ನನ್ನ ಉಸಿರೂ ನಿಧಾನವಾಯಿತು. ಆಮೇಲೆ ದಿನವೂ ಊಟದ ಬಿಡುವಿನಲ್ಲಿ ಅಲ್ಲೇ ಕೂರುತ್ತಿದ್ದೆ. ಲಾಗ್‌ಬುಕ್ ಸರಿಹೋಯಿತು.

ಆಯುಧಪೂಜೆಯಂದು ಯಂತ್ರಗಳಿಗೆಲ್ಲ ಕುಂಕುಮ ಹಚ್ಚುತ್ತ ಬಂದ ಫಿಟ್ಟರ್ ಮುನಿರಾಜು ಅದರ ಹಣೆಗೂ ಇಟ್ಟು, ಮುಂದೆ ಬೂದುಗುಂಬಳ ಒಡೆದ. ನಾನು ಸುಮ್ಮನಿದ್ದೆ. ತಪ್ಪು ಮಾಡಿದೆ.

ಮುಂದಿನ ತಿಂಗಳು ಗಿರಾಕಿ ಕಂಪನಿಯವರು ತಪಾಸಣೆಗೆ ಬರುವವರಿದ್ದರು. ಗೋಡೆಗೆ ಬೂದು ಬಣ್ಣ ಬಳಿಸಿ ಎಂದರು ಮ್ಯಾನೇಜರ್. ಬಂದ ಪೇಂಟರ್ ಹಣೆಯ ಕುಂಕುಮ ನೋಡಿ ರೋಲರ್ ಕೆಳಗಿಟ್ಟ.

“ಪೂಜೆ ಆಗಿರೋ ದೇವ್ರು ಸಾರ್. ನನ್ ಕೈಲಾಗಲ್ಲ.”

“ಗಂಗಮ್ಮನ ವಾಹನ ಸಾರ್ ಅದು,” ಎಂದು ಮುನಿರಾಜು ನನ್ನತ್ತ ಕಣ್ಣು ಮಿಟುಕಿಸಿದ.

ಮ್ಯಾನೇಜರ್ ಸೋತರು. “ಮೊದ್ಲೇ ಹೇಳ್ಬಾರ್ದೇನ್ರೀ? ಇರ್ಲಿ ಬಿಡಿ. ಗಂಗಮ್ಮ ಅಂತ ಒಂದು ಬೋರ್ಡ್ ಹಾಕ್ಸಿ.”

ತಲೆಯಾಡಿಸಿದ್ದರೆ ಸಾಕಿತ್ತು. ನಾನು ಒದ್ದೆ ಬಟ್ಟೆ ತಂದು ಕುಂಕುಮ ಒರೆಸಿದೆ. “ದೇವ್ರಲ್ಲ ಸಾರ್. ನನ್ ಮಗಳ ಚಿತ್ರ.”

“ಅಯ್ಯೋ ಗುರು, ಬಾಯ್ ಮುಚ್ಕೊಂಡಿದ್ರೆ ಉಳೀತಿತ್ತಲ್ಲೋ!” ಎಂದ ಮುನಿರಾಜು.

“ಉಳಿದ್ರೆ ಅವಳ ಹೆಸ್ರಲ್ಲೇ ಉಳೀಲಿ. ಅಳಿಸ್ಬೇಕು ಅಂದ್ರೆ ನೀವೇ ರೋಲರ್ ತಗೊಳ್ಳಿ ಸಾರ್. ನಾನ್ ಇಲ್ಲಿಂದ ಕದಲಲ್ಲ.”

ಮ್ಯಾನೇಜರ್ ರೋಲರ್ ಎತ್ತಿಕೊಂಡರು. ಗೋಡೆ ನೋಡಿದರು, ನನ್ನನ್ನು ನೋಡಿದರು. ಬಕೆಟ್ಟಿನೊಳಗೆ ಅದನ್ನು ಬಿಸಾಡಿ ಹೊರಟುಹೋದರು. ಮರುದಿನ ನನಗೆ ಮೆಮೊ ಬಂತು. ವಿವರಣೆ ಕೇಳಿದ್ದ ಜಾಗದಲ್ಲಿ “ವಿಷಾದವಿಲ್ಲ” ಎಂದು ಬರೆದು ಸಹಿ ಹಾಕಿದೆ. ಚಿತ್ರದ ಕೆಳಗೆ “ಪಲ್ಲವಿ” ಎಂದು ಬರೆದೆ. ಅದು ಇಂದಿಗೂ ಅಲ್ಲಿದೆ.

ಒಳಗೆ ಬಂದ ನೀರು ಎಂಥದ್ದೆಂಬುದರ ಬಗ್ಗೆ ಸುಳ್ಳು ಬರೆದರೆ ಮುಂದೆ ಅದಕ್ಕೆ ಹಾಕುವ ಔಷಧವೆಲ್ಲ ತಪ್ಪಾಗುತ್ತದೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಅವಳು ಆ ಚಿತ್ರ ಬರೆದದ್ದು ಬರೀ ಪೆನ್ಸಿಲ್ಲಿನಲ್ಲಿ. ಹಸಿರು, ನೀಲಿ ತುಂಬಿದವನು ನಾನು. ಅವಳ ಮನಸ್ಸಿನಲ್ಲಿ ಯಾವ ಬಣ್ಣವಿತ್ತೋ ಗೊತ್ತಿಲ್ಲ. ಕೇಳೋಣವೆಂದರೆ ಅವಳಿಲ್ಲ.